ಮೊಳೆಯಿಲ್ಲದ ಮೆಟ್ಟು

ಮೆಟ್ಟು ಕೊಳ್ಳುವಾಗ ಮೊದಲು ಮಗುಚಿ ನೋಡಬೇಕು. ನಮ್ಮ ಮುತ್ಯಾ ಹೇಳಿಕೊಟ್ಟದ್ದು ಇದು. "ಮೊದಲ ಹೊಟ್ಟಿ ನೋಡು, ಆಮ್ಯಾಲ ಮಾರಿ ನೋಡು" ಎನ್ನುತ್ತಿದ್ದ. ಸಂತೆಯಲ್ಲಿ ಮೆಟ್ಟಿನ ಮುಖ ಎಲ್ಲರನ್ನೂ ಕರೆಯುತ್ತದೆ: ಮಿರುಗುವ ಪಟ್ಟಿ, ಜರಿಯ ಎಳೆ, ಉಂಗುಟದ ಮೇಲೆ ಕೂತ ಕೆಂಪು ಗೊಂಡೆ. ಮುತ್ಯಾ ಅತ್ತ ಕಣ್ಣು ಹಾಯಿಸದೆ ಮೆಟ್ಟನ್ನು ಮಗುಚಿ, ಅಟ್ಟೆಯ ಅಂಚಿನಗುಂಟ ಹೆಬ್ಬೆರಳು ಓಡಿಸುತ್ತಿದ್ದ. ಎಲ್ಲಿಯಾದರೂ ತಣ್ಣಗೆ ಲೋಹ ತಾಗಿತೋ, ಮಾತಿಲ್ಲದೆ ಕೆಳಗಿಟ್ಟು ಎದ್ದುಬಿಡುತ್ತಿದ್ದ. ಕೊಲ್ಲಾಪುರಿ ಮೆಟ್ಟಿನಲ್ಲಿ ಮೊಳೆ ಇರಕೂಡದು. ತೊಗಲನ್ನು ತೊಗಲೇ ಹಿಡಿದುಕೊಂಡಿರಬೇಕು.

ನಮ್ಮೂರು ಬಾಗಲಕೋಟೆ ಜಿಲ್ಲೆಯ ಗಲಗಲಿ, ಕೃಷ್ಣೆಯ ದಂಡೆಯ ಊರು. ಗಾಲವ ಋಷಿ ತಪಸ್ಸು ಮಾಡಿದ ಜಾಗವೆಂದು ಹಿರಿಯರು ಹೇಳುತ್ತಾರೆ. ಸುತ್ತಲೂ ಎರೆ ನೆಲ. ಮಳೆ ಬಿದ್ದರೆ ಎರೆ ಪಾದಕ್ಕೆ ಮೆತ್ತಿಕೊಂಡು ಹೆಜ್ಜೆಹೆಜ್ಜೆಗೂ ಭಾರವಾಗುತ್ತ ಹೋಗುತ್ತದೆ. ಆಗ ಮೆಟ್ಟು ಕಾಲಲ್ಲಿ ಇರುವುದಿಲ್ಲ, ಬಗಲಲ್ಲಿ ಇರುತ್ತದೆ. ನೀರು ಕುಡಿದ ತೊಗಲು ಉಬ್ಬಿ ಹೊಲಿಗೆ ಸಡಿಲವಾಗುತ್ತದೆಂದು ಅದನ್ನು ಮಗುವಿನಂತೆ ಎತ್ತಿಕೊಂಡು ನಡೆಯುವುದು. ಬೇಸಿಗೆಯಲ್ಲಿ ಅದೇ ನೆಲ ಬಿರಿದು ಹೆಂಚಿನಂತೆ ಕಾಯುತ್ತದೆ. ಆಗ ಅದೇ ಮೆಟ್ಟು ಕಾಲನ್ನು ಎತ್ತಿಕೊಂಡು ನಡೆಯುತ್ತದೆ. ರಬ್ಬರಿನ ಚಪ್ಪಲಿ ಮಧ್ಯಾಹ್ನದ ನೆಲಕ್ಕೆ ಮೆತ್ತಗಾಗಿ ಪಾದ ಸುಡುತ್ತಿದ್ದರೆ, ಮೂರು ಪದರ ತೊಗಲಿನ ಅಟ್ಟೆಯ ಮೇಲೆ ಅಂಗಾಲು ತಂಪಾಗಿರುತ್ತದೆ. ಬೆವರನ್ನು ತೊಗಲು ಕುಡಿಯುತ್ತದೆ, ಕುಡಿದದ್ದನ್ನು ಗಾಳಿಗೆ ಬಿಡುತ್ತದೆ.

ಆಮೇಲೆ ಅದರ ಸದ್ದು. ಮುತ್ಯಾ ಓಣಿಯ ತಿರುವಿನಲ್ಲಿ ಕಾಣಿಸಿಕೊಳ್ಳುವ ಮೊದಲೇ ಕಿರ್ರ್, ಕಿರ್ರ್ ಎಂಬ ದನಿ ಬರುತ್ತಿತ್ತು. ಕಟ್ಟೆಯ ಮೇಲೆ ಹರಟುತ್ತಿದ್ದವರು ಜಾಗ ಬಿಡುತ್ತಿದ್ದರು, ನಾವು ಪುಸ್ತಕ ಹಿಡಿಯುತ್ತಿದ್ದೆವು. ಬಿಗಿಯಾಗಿ ಹೊಲಿದ ಅಟ್ಟೆಗಳು ಹೆಜ್ಜೆ ಊರಿದಾಗ ಒಂದನ್ನೊಂದು ಉಜ್ಜಿ ಮಾಡುವ ಸದ್ದು ಅದು. ಅದು ಇನ್ನೂ ಗಟ್ಟಿಯಾಗಿ ಬರಲೆಂದು ಪದರಗಳ ನಡುವೆ ಬೀಜ ಇಟ್ಟು ಹೊಲಿಯುವ ರೂಢಿಯೂ ಇತ್ತೆಂದು ಮಾಡುವವರು ಹೇಳುತ್ತಾರೆ. ಹೊಲದ ಬದುವಿನ ಮೇಲೆ ನಸುಕಿನಲ್ಲಿ ನಡೆಯುವವನಿಗೆ ಹುಳಹುಪ್ಪಡಿ ಸರಿದುಹೋಗಲಿ ಎಂಬ ಲೆಕ್ಕವೂ ಅದರಲ್ಲಿತ್ತು. ಆದರೆ ನನಗೆ ಈ ಉಪಯೋಗಕ್ಕಿಂತ ಆ ದನಿಯ ಠೀವಿಯೇ ಹೆಚ್ಚು ನೆನಪಿದೆ. ಕಿರ್ರ್ ಎನ್ನುವ ಮೆಟ್ಟು ಹಾಕಿದವನು ಕುಗ್ಗಿ ನಡೆಯಲಾರ.

ಈ ಮೆಟ್ಟಿನ ರುಚಿ ಹಿಡಿಯಬೇಕಾದರೆ ತೊಗಲಿನ ಹದದಿಂದ ಶುರು ಮಾಡಬೇಕು. ನಮ್ಮವರು ಎಣಿಸುವ ಆರು ರಸಗಳಲ್ಲಿ ಒಗರಿಗೆ ಯಾವಾಗಲೂ ಹಿಂದಿನ ಸಾಲು. ಸಿಹಿಗೆ ಹಬ್ಬವಿದೆ, ಖಾರಕ್ಕೆ ರೊಟ್ಟಿಯಿದೆ, ಹುಳಿಗೆ ಸಾರಿದೆ. ಒಗರನ್ನು ಯಾರೂ ಬಯಸಿ ತಿನ್ನುವುದಿಲ್ಲ. ಹಸಿ ಬಾಳೆಕಾಯಿ ಕಚ್ಚಿದಾಗ, ಎಳೆ ಅಡಿಕೆ ಅಗಿದಾಗ ನಾಲಿಗೆ ಮುದುಡಿಕೊಳ್ಳುತ್ತದಲ್ಲ, ಆ ಗುಣದಿಂದಲೇ ಕೊಲ್ಲಾಪುರಿ ಹುಟ್ಟುವುದು. ಕರಿಜಾಲಿಯ ತೊಗಟೆ, ಅಳಲೆಕಾಯಿ ಎರಡರಲ್ಲೂ ಒಗರು ತುಂಬಿದೆ. ನಾಲಿಗೆಯನ್ನು ಹಿಡಿದು ಬಿಗಿಯುವ ಸತ್ವವೇ ತೊಗಲಿನ ನಾರುಗಳನ್ನೂ ಹಿಡಿದು ಬಿಗಿಯುತ್ತದೆ. ಬಿಗಿದ ನಾರು ಕೊಳೆಯುವುದಿಲ್ಲ. ಸತ್ತ ಎಮ್ಮೆಯ ಮೈಯಿಂದ ಬಂದದ್ದು ವರ್ಷಗಟ್ಟಲೆ ಮನುಷ್ಯನ ಕಾಲ ಕೆಳಗೆ ಬದುಕುತ್ತದೆ.

ಕೆಲಸ ಒರಟು, ವಾಸನೆ ತಡೆಯಲಾಗದ್ದು. ಹಸಿ ತೊಗಲನ್ನು ನೀರಲ್ಲಿ ನೆನೆಸಿ ತೊಳೆದು, ಸುಣ್ಣದ ಗುಂಡಿಯಲ್ಲಿ ದಿನಗಟ್ಟಲೆ ಇಟ್ಟು, ಸಡಿಲಾದ ಕೂದಲನ್ನೂ ಒಳಮೈಯ ಮಾಂಸವನ್ನೂ ಹೆರೆಯಬೇಕು. ಸುಣ್ಣ ಹೋಗುವವರೆಗೆ ಮತ್ತೆ ತೊಳೆಯಬೇಕು. ಆಮೇಲಿನದು ನೋಡುವಂಥದ್ದು. ತೊಗಲನ್ನು ದೊಡ್ಡ ಚೀಲದಂತೆ ಹೊಲಿದು, ಬಾಯಿ ಮೇಲಾಗಿ ತೊಲೆಗೆ ತೂಗುಹಾಕಿ, ಕುಟ್ಟಿದ ಜಾಲಿ ತೊಗಟೆ ಮತ್ತು ಅಳಲೆಕಾಯಿ ತುಂಬಿ ನೀರು ಸುರಿಯುತ್ತಾರೆ. ಕಷಾಯ ತೊಗಲಿನ ಮೈಯೊಳಗಿಂದ ಇಳಿದು ಹನಿಹನಿಯಾಗಿ ಕೆಳಗಿನ ಪಾತ್ರೆಗೆ ಬೀಳುತ್ತದೆ. ಬಿದ್ದದ್ದನ್ನು ಎತ್ತಿ ಮತ್ತೆ ಚೀಲಕ್ಕೆ ಹಾಕಬೇಕು. ಹೀಗೆ ತೊಗಲೇ ಪಾತ್ರೆಯಾಗಿ ತನ್ನ ಕಷಾಯವನ್ನು ತಾನೇ ಸೋಸಿ ಕುಡಿಯುತ್ತದೆ. ವಾರಗಳು ಹಿಡಿಯುತ್ತವೆ. ಕ್ರೋಮಿಯಂ ಲವಣ ಬಳಸುವ ಕಾರ್ಖಾನೆಗಳಲ್ಲಿ ಇದೇ ಹದ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಮೃದುವಾದ, ಬಣ್ಣ ಹಿಡಿಯುವ, ಒಂದೇ ನಮೂನೆಯ ಚರ್ಮ ಅಲ್ಲಿ ಸಿಗುತ್ತದೆ. ಜಾಲಿಯ ಹದದ ತೊಗಲು ಗಟ್ಟಿ, ಹಟಮಾರಿ. ಬಣ್ಣ ಹಚ್ಚದಿದ್ದರೂ ಅದಕ್ಕೆ ಹೊಸ ಬೆಲ್ಲದಂಥ ಬಣ್ಣವಿದೆ. ಬಿಸಿಲು, ಬೆವರು, ಎಣ್ಣೆ ಕುಡಿದಂತೆ ಅದು ಹಳೆ ಬೆಲ್ಲವಾಗಿ, ಕೊನೆಗೆ ಎರೆಯ ಬಣ್ಣಕ್ಕೇ ತಿರುಗುತ್ತದೆ.

ಹದವಾದ ತೊಗಲು ಮೆಟ್ಟು ಮಾಡುವವನ ಮುಂದೆ ಬರುತ್ತದೆ. ಅಟ್ಟೆಗೆ ಎಮ್ಮೆಯ ದಪ್ಪ ತೊಗಲು, ಹೆಣಿಗೆಗೆ ಆಡಿನ ತೆಳು ತೊಗಲು. ಒದ್ದೆ ಮಾಡಿ, ಕಲ್ಲಿನ ಮೇಲಿಟ್ಟು ಬಡಿದು, ನಾರು ಬಿಗಿಯಾದ ಮೇಲೆ ರಂಪಿಗೆಯಿಂದ ಕೊಯ್ಯುತ್ತಾರೆ. ಪದರ ಪದರ ಜೋಡಿಸಿ ಹಿಮ್ಮಡಿಗೆ ಇನ್ನೊಂದು ತುಂಡು ಕೊಟ್ಟು, ಆರಿಯಿಂದ ತೂತು ಹೊಡೆದು, ತೊಗಲಿನ ಸಣ್ಣ ಬಾರಿನಿಂದಲೇ ಹೊಲಿಯುವುದು. ಪಾದದ ಅಕ್ಕಪಕ್ಕ ಎದ್ದ ಎರಡು ಕಿವಿಗಳು ಅಟ್ಟೆಯ ಪದರಗಳ ನಡುವಿನಿಂದ ಮೇಲೆ ಬರುತ್ತವೆ, ಅಂಟಿಸಿದವಲ್ಲ. ಕಿವಿಯಿಂದ ಕಿವಿಗೆ ಪಟ್ಟಿ ಹಾಯುತ್ತದೆ, ಹೆಬ್ಬೆರಳಿಗೆ ಉಂಗುಟ. ಪಟ್ಟಿಯ ಮೇಲೆ ಆಡಿನ ತೊಗಲಿನ ಎಳೆಗಳನ್ನು ಹೆಣ್ಣುಮಕ್ಕಳ ಜಡೆಯಂತೆ ಹೆಣೆದು ಕೂರಿಸುತ್ತಾರೆ. ಆ ಹೆಣಿಗೆ ನೋಡಲು ಚೆಂದ, ಆದರೆ ಅದು ಬರೀ ಚೆಂದಕ್ಕಿಲ್ಲ. ಹೆಜ್ಜೆ ಮಡಿಯುವಾಗ ಪಟ್ಟಿ ಎಳೆಯುತ್ತದೆ. ಒಂದೇ ತುಂಡಾಗಿದ್ದರೆ ಹರಿಯುತ್ತಿತ್ತು. ಹೆಣೆದ ಎಳೆಗಳು ಎಳೆತವನ್ನು ಒಂದಕ್ಕೊಂದು ಹಂಚಿಕೊಳ್ಳುತ್ತವೆ.

ಈ ಹೆಣಿಗೆಯ ಕೆಲಸ ಹೆಚ್ಚಾಗಿ ಹೆಂಗಸರದು. ಅಟ್ಟೆ ಕೊಯ್ಯುವುದು, ಹೊಲಿಯುವುದು ಗಂಡಸರದು. ಈ ಮೆಟ್ಟು ಮಾಡುವ ಅಥಣಿಯ ಓಣಿಗಳಲ್ಲಿ ಮನೆಯ ಪಡಸಾಲೆಯೇ ಕಾರ್ಖಾನೆ. ಒಂದೇ ಜೊತೆ ಮೆಟ್ಟು ಗಂಡನ ಕೈಯಿಂದ ಹೆಂಡತಿಯ ಕೈಗೆ, ಅವಳಿಂದ ಅತ್ತೆಯ ಕೈಗೆ, ಮತ್ತೆ ಗಂಡನ ಕೈಗೆ ಬಂದು ಮುಗಿಯುತ್ತದೆ. 1990ರ ದಶಕದ ಕೊನೆಗೆ ಅಲ್ಲಿನ ಕುಶಲಕರ್ಮಿ ಹೆಂಗಸರು ಸಂಘ ಕಟ್ಟಿ, ಟೋಹೋಲ್ಡ್ ಎಂಬ ಹೆಸರಿನಲ್ಲಿ ಹೊರದೇಶಗಳಿಗೆ ಮೆಟ್ಟು ಕಳಿಸತೊಡಗಿದರು. ಅದಕ್ಕೂ ಹಿಂದೆ, 1970ರ ಸುಮಾರಿಗೆ, ಹಿಪ್ಪಿಗಳ ಕಾಲಲ್ಲಿ ಕೊಲ್ಲಾಪುರಿ ಅಮೆರಿಕ ಯುರೋಪು ತಿರುಗಿ ಬಂದಿತ್ತು. ಕಾಪಶಿ, ಪಾಯತಾಣ, ಕಚಕಡಿ, ಬಕ್ಕಲನಾಳಿ, ಪುಕರಿ ಎಂದು ಮೆಟ್ಟಿನ ಜಾತಿಗಳಿಗೆ ಹಳೆಯ ಹೆಸರುಗಳಿವೆ. ಯಾವ ಹಳ್ಳಿಯ ಕೈ ಎಂಬುದನ್ನು ಆ ಹೆಸರೇ ಹೇಳುತ್ತಿತ್ತು. ಮನುಷ್ಯನ ಹೆಸರಿನ ಹಿಂದೆ ಊರಿನ ಹೆಸರು ಹಚ್ಚುವ ನಮ್ಮ ಕಡೆಯ ಪದ್ಧತಿಯೇ ಮೆಟ್ಟಿಗೂ ಬಂದಿದೆ. ಗಲಗಲಿಯಿಂದ ಹೊರಗೆ ಹೋದವರೆಲ್ಲ ಗಲಗಲಿ ಆದ ಹಾಗೆ.

ಊರಿನ ಹೆಸರು ಇಷ್ಟು ಭಾರದ್ದೆಂದು ನನಗೆ ಸರಿಯಾಗಿ ಅರಿವಾದದ್ದು 2025ರ ಜೂನ್‌ನಲ್ಲಿ. ಆ ತಿಂಗಳ 22ರಂದು ಇಟಲಿಯ ಮಿಲಾನ್ ನಗರದಲ್ಲಿ ಪ್ರಾಡಾ ಕಂಪನಿ ಮುಂದಿನ ವರ್ಷದ ಗಂಡಸರ ಉಡುಪುಗಳ ಪ್ರದರ್ಶನ ನಡೆಸಿತು. ರೂಪದರ್ಶಿಗಳ ಕಾಲಲ್ಲಿ ಮೆಟ್ಟುಗಳಿದ್ದವು. ಉಂಗುಟ, ಪಟ್ಟಿ, ಹೆಣಿಗೆ, ತೊಗಲಿನ ಬಣ್ಣ ಎಲ್ಲವೂ ನಮ್ಮ ಸಂತೆಯದೇ. ಕಂಪನಿ ಅವನ್ನು ತೊಗಲಿನ ಸ್ಯಾಂಡಲ್ ಎಂದಷ್ಟೇ ಕರೆಯಿತು. ಕೊಲ್ಲಾಪುರದ ಹೆಸರಿಲ್ಲ, ಭಾರತದ ಹೆಸರೂ ಇಲ್ಲ. ಬೆಲೆ ಲಕ್ಷ ರೂಪಾಯಿ ದಾಟುತ್ತದೆಂದು ಪತ್ರಿಕೆಗಳು ಬರೆದವು. ಆ ಚಿತ್ರ ನೋಡಿದಾಗ ಮೊದಲು ಬಂದದ್ದು ಸಿಟ್ಟಲ್ಲ, ಗುರುತು ಹಿಡಿದ ಸಂತೋಷ. ದೂರದ ಊರಿನ ಗದ್ದಲದಲ್ಲಿ ನಮ್ಮ ಮನೆಯ ಮಗುವನ್ನು ಕಂಡ ಹಾಗೆ. ಮಗು ತನ್ನ ಮನೆತನದ ಹೆಸರು ಹೇಳುತ್ತಿಲ್ಲವೆಂದು ತಿಳಿದ ಮೇಲೆ ಎದೆ ಭಾರವಾಯಿತು.

ಗಲಾಟೆ ಎದ್ದಿತು. ಕಂಪನಿಯ ಸಾಮಾಜಿಕ ಹೊಣೆಗಾರಿಕೆಯ ಮುಖ್ಯಸ್ಥ ಲೊರೆಂಜೊ ಬೆರ್ಟೆಲ್ಲಿ ಮಹಾರಾಷ್ಟ್ರದ ವಾಣಿಜ್ಯ ಮಂಡಳಿಗೆ ಪತ್ರ ಬರೆದು, ಆ ಮೆಟ್ಟುಗಳಿಗೆ ಭಾರತದ ಪಾರಂಪರಿಕ ಪಾದರಕ್ಷೆಯೇ ಪ್ರೇರಣೆ ಎಂದು ಒಪ್ಪಿಕೊಂಡರು. ಬಾಂಬೆ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಯಿತು. ಹೆಸರನ್ನು ನೋಂದಾಯಿಸಿಕೊಂಡ ಒಡೆಯರು ಬೇಕಾದರೆ ದಾವೆ ಹೂಡಲಿ ಎಂದು ನ್ಯಾಯಾಲಯ ಜುಲೈನಲ್ಲಿ ಆ ಅರ್ಜಿಯನ್ನು ತಳ್ಳಿಹಾಕಿತು.

ಒಡೆಯರು ಯಾರು? ಕಾನೂನು ಕೇಳುವ ಈ ಪ್ರಶ್ನೆಯನ್ನು ನಿಧಾನವಾಗಿ ಸವಿಯಬೇಕು. ಹೊಸದೊಂದು ಸಾಧನ ಕಂಡುಹಿಡಿದವನಿಗೆ ಕಾನೂನು ಪೇಟೆಂಟ್ ಕೊಡುತ್ತದೆ, 20 ವರ್ಷ ಅದು ಅವನದೇ. ಆಫೀಸಿನ ಮೇಜಿನ ಮೇಲೆ ಲ್ಯಾಪ್‌ಟಾಪನ್ನು ತಂದು ಕೂರಿಸುವ ಡಾಕಿಂಗ್ ಸ್ಟೇಷನ್ ಎಂಬ ಪೀಠವಿದೆಯಲ್ಲ, ಲ್ಯಾಪ್‌ಟಾಪ್ ಕೂತ ಕೂಡಲೇ ತೆರೆ, ಕೀಲಿಮಣೆ, ವಿದ್ಯುತ್ತು ಎಲ್ಲ ಒಮ್ಮೆಗೇ ಕೂಡಿಕೊಳ್ಳುತ್ತವೆ. ಆ ಕೂಡಿಕೆಯ ಬಾಯಿ ಹೇಗಿರಬೇಕು, ಕೊಂಡಿ ಎಲ್ಲಿ ಕಚ್ಚಬೇಕು ಎಂಬುದರ ಮೇಲೂ ಕಂಪನಿಗಳು ಪೇಟೆಂಟ್ ಹಿಡಿದು ಕಾದಾಡುತ್ತವೆ. ನನಗೆ ಆ ಜಗಳ ಕ್ಷುಲ್ಲಕವೆನಿಸುವುದಿಲ್ಲ. ಎರಡು ವಸ್ತುಗಳು ಸಂಧಿಸುವ ಜಾಗವನ್ನು ಚೆನ್ನಾಗಿ ಮಾಡುವುದು ಎಲ್ಲ ಕುಶಲತೆಯ ಎದೆಗೂಡು. ನಮ್ಮ ಜಿಲ್ಲೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಇಳಕಲ್ ಸೀರೆಯ ಮೈ ಒಂದು ಹಾಸು, ಸೆರಗು ಇನ್ನೊಂದು ಹಾಸು. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ, ಸೂಜಿ ಮುಟ್ಟಿಸುವುದಿಲ್ಲ. ಮೆಟ್ಟಿನ ಅಟ್ಟೆಗೆ ಮೊಳೆ ಬೇಡ, ಸೀರೆಯ ಸೆರಗಿಗೆ ಸೂಜಿ ಬೇಡ. ಜೋಡಣೆಯಲ್ಲಿ ಹೊರಗಿನ ವಸ್ತು ಬಾರದಿರುವುದೇ ಈ ಸೀಮೆಯ ರುಚಿ ಎಂದು ನಾನು ತಿಳಿದಿದ್ದೇನೆ.

ಆದರೆ ಈ ಜೋಡಣೆಗೆ ಪೇಟೆಂಟ್ ಸಿಗುವುದಿಲ್ಲ. ಕಂಡುಹಿಡಿದವನು ಯಾರೆಂದು ಕೇಳಿದರೆ ತೋರಿಸಲು ಒಬ್ಬ ಮನುಷ್ಯನಿಲ್ಲ. ಪರಂಪರೆಯಿಂದ ಬಂದ ಅರಿವು ಹೊಸ ಆವಿಷ್ಕಾರವಲ್ಲ ಎನ್ನುತ್ತದೆ ನಮ್ಮ ಪೇಟೆಂಟ್ ಕಾಯಿದೆ. ಹಾಗೆಂದು ಅದು ನಮ್ಮವರಿಗೂ ಕೊಡುವುದಿಲ್ಲ, ಮಿಲಾನಿನವರಿಗೂ ಕೊಡುವುದಿಲ್ಲ. ಮಟ್ಟಸವಾದ ನ್ಯಾಯ. ಅದರ ಜಾಗದಲ್ಲಿ 1999ರಲ್ಲಿ ಸಂಸತ್ತು ಒಪ್ಪಿದ, 2003ರಿಂದ ಜಾರಿಗೆ ಬಂದ ಭೌಗೋಳಿಕ ಗುರುತಿನ ಕಾಯಿದೆಯಿದೆ. ಇದರಲ್ಲಿ ಹೆಸರು ಒಂದು ಸೀಮೆಗೆ ಸೇರುತ್ತದೆ. ಹತ್ತು ವರ್ಷಕ್ಕೊಮ್ಮೆ ನವೀಕರಿಸುತ್ತ ಹೋದರೆ ಅದಕ್ಕೆ ಕೊನೆಯಿಲ್ಲ. ಯಾರೂ ಅದನ್ನು ಮಾರಲಾರರು, ಅಡವಿಡಲಾರರು. ಊರಿನ ಕೆರೆಯಂತೆ, ಗಾಯರಾಣದಂತೆ ಅದು ಎಲ್ಲರದು. ಈ ಕಲ್ಪನೆ ನನಗೆ ಬಹಳ ಇಷ್ಟ. ಕಾನೂನಿನ ಒಣ ಭಾಷೆಯಲ್ಲಿ ಯಾರೋ ನೆಲದ ವಾಸನೆ ಹಿಡಿದು ಬರೆದಂತಿದೆ.

ಅದರ ಮಿತಿಯೂ ಅಲ್ಲೇ ಇದೆ. ಅದು ಕಾಯುವುದು ಹೆಸರನ್ನು. ಬೇರೆ ಕಡೆ ಮಾಡಿದ ಮೆಟ್ಟನ್ನು ಕೊಲ್ಲಾಪುರಿ ಎಂದು ಮಾರಿದರೆ ತಪ್ಪು. ಅದೇ ಆಕಾರದ ಮೆಟ್ಟನ್ನು ಹೆಸರು ಹೇಳದೆ ಮಾರಿದರೆ? ಮಿಲಾನಿನ ಮೌನಕ್ಕೆ ಕಾನೂನಿನಲ್ಲಿ ಸುಲಭದ ಉತ್ತರವಿರಲಿಲ್ಲ. ಹೆಸರು ಕದ್ದರೆ ಕಳ್ಳತನವೆನ್ನಬಹುದು. ಹೆಸರನ್ನು ಬಿಟ್ಟೇಬಿಟ್ಟರೆ ಅದಕ್ಕೆ ಯಾವ ಕಲಮು ಹಚ್ಚಬೇಕು?

ಹೆಸರಿನ ಜಗಳ ಮಿಲಾನಿಗಿಂತ ಮೊದಲೇ ನಮ್ಮ ಹೊಸ್ತಿಲಲ್ಲಿ ನಡೆದಿತ್ತು. ಹೆಸರಿನಲ್ಲಿ ಕೊಲ್ಲಾಪುರವಿದೆ, ಹೊಲಿಯುವ ಕೈಗಳು ಗಡಿಯ ಎರಡೂ ಬದಿಗಿವೆ. ಈ ಹೆಸರು ತನಗೊಂದಕ್ಕೇ ಸೇರಬೇಕೆಂದು ಮಹಾರಾಷ್ಟ್ರ ಪ್ರಯತ್ನಿಸಿತ್ತು, ಸರಕಾರಿ ನಿಗಮ ಲಿಡ್ಕರ್ ಮೂಲಕ ನಾವು ಹೋರಾಡಿ ಕರ್ನಾಟಕದ ಪಾಲು ಉಳಿಸಿಕೊಂಡೆವು ಎಂದು ಆಗ ಸಮಾಜ ಕಲ್ಯಾಣ ಸಚಿವರಾಗಿದ್ದ ಪ್ರಿಯಾಂಕ್ ಖರ್ಗೆ 2025ರ ಗದ್ದಲದ ನಡುವೆ ನೆನಪಿಸಿದರು. ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ಕುಶಲಕರ್ಮಿಗಳನ್ನು ಹೆಸರಿಸಿ ಹೇಳಿದರು. 2019ರಲ್ಲಿ ಸುದ್ದಿಯಾದ ಭೌಗೋಳಿಕ ಗುರುತಿನಲ್ಲಿ ಎಂಟು ಜಿಲ್ಲೆಗಳಿವೆ: ಆಚೆ ಕೊಲ್ಲಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ, ಈಚೆ ಬೆಳಗಾವಿ, ಧಾರವಾಡ, ವಿಜಯಪುರ, ಬಾಗಲಕೋಟೆ. ಒಡೆತನ ಎರಡು ಸರಕಾರಿ ನಿಗಮಗಳ ಹೆಸರಿನಲ್ಲಿ ಜಂಟಿಯಾಗಿದೆ, ಮಹಾರಾಷ್ಟ್ರದ ಲಿಡ್‌ಕಾಮ್ ಮತ್ತು ಕರ್ನಾಟಕದ ಲಿಡ್ಕರ್. ಗಡಿಯ ಹೆಸರಿನಲ್ಲಿ ಎರಡು ರಾಜ್ಯಗಳು ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ಕೋರ್ಟು ಹತ್ತಿ ಕೂತಿರುವಾಗ, ಒಂದು ಜೊತೆ ಮೆಟ್ಟಿಗಾಗಿ ಒಂದೇ ಕಾಗದಕ್ಕೆ ರುಜು ಹಾಕಿವೆ. ಎಡಗಾಲಿನದು ಒಂದು ರಾಜ್ಯಕ್ಕೆ, ಬಲಗಾಲಿನದು ಇನ್ನೊಂದಕ್ಕೆ ಎಂದು ಹಂಚಲು ಬರುವುದಿಲ್ಲ. ಜೊತೆ ಎಂದರೆ ಜೊತೆಯೇ.

ಬಾಗಲಕೋಟೆ ಜಿಲ್ಲೆಯ ಹೆಸರು ಆ ಕಾಗದದಲ್ಲಿ ಇರುವುದನ್ನು ನಾನು ಎರಡೆರಡು ಸಲ ಓದಿದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಲ್ಲವೂ ಅದರೊಳಗೆ ಬಂದವು. ಸಂಸ್ಥಾನಗಳ ಕಾಲದಲ್ಲಿ ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಗಳು ಆಳುತ್ತಿದ್ದಾಗ ಕೊಲ್ಲಾಪುರಕ್ಕೂ ನಮಗೂ ಗಡಿ ಎಂಬುದು ಮೆಟ್ಟು ಹಾಕಿದ ಕಾಲಿಗೆ ತಿಳಿಯುತ್ತಿರಲಿಲ್ಲ. ಪೈಲ್ವಾನರು ಅತ್ತಿತ್ತ ಓಡಾಡುತ್ತಿದ್ದರು. ರುಮಾಲು, ಧೋತರ, ಕಾಲಲ್ಲಿ ಕೊಲ್ಲಾಪುರಿ. ಕೊಲ್ಲಾಪುರದ ಶಾಹೂ ಮಹಾರಾಜರು ಈ ಕಸುಬಿಗೆ ಆಸರೆಯಾಗಿ ನಿಂತರು. 1902ರಲ್ಲಿ ಹಿಂದುಳಿದವರಿಗೆ ಅರ್ಧದಷ್ಟು ಸರಕಾರಿ ಹುದ್ದೆ ಮೀಸಲಿಟ್ಟ ದೊರೆ ಅವರು. ಮೆಟ್ಟು ಹೊಲಿಯುವವನ ಕೈಯನ್ನೂ ಅವನ ಮಾನವನ್ನೂ ಒಟ್ಟಿಗೆ ಕಂಡ ಅರಸು ಎಂದು ನಾನು ಅವರನ್ನು ನೆನೆಯುತ್ತೇನೆ.

ಈ ಕಸುಬಿನ ಬೇರನ್ನು ಹೇಳುವವರು ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ, ಬಿಜ್ಜಳ ಮತ್ತು ಬಸವಣ್ಣನವರ ಕಾಲಕ್ಕೆ ಕರೆದೊಯ್ಯುತ್ತಾರೆ. ಕಾಲ ಯಾವುದೇ ಇರಲಿ, ಕನ್ನಡದವರಿಗೆ ಮೆಟ್ಟು ಎಂದೊಡನೆ ಒಬ್ಬನ ನೆನಪಾಗಬೇಕು, ಸಮಗಾರ ಹರಳಯ್ಯ. ಹರಳಯ್ಯ ಒಂದು ಸಲ ಶರಣು ಎಂದನಂತೆ. ಬಸವಣ್ಣ ಶರಣು ಶರಣಾರ್ಥಿ ಎಂದು ಮರುನುಡಿದರಂತೆ. ಒಂದಕ್ಕೆ ಎರಡು ಬಂತಲ್ಲ, ಆ ಋಣ ಹೇಗೆ ತೀರಿಸಲಿ ಎಂದು ಹರಳಯ್ಯನೂ ಮಡದಿ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮ ತೆಗೆದು ಜೊತೆ ಪಾದರಕ್ಷೆ ಹೊಲಿದರು. ಬಸವಣ್ಣ ಅದನ್ನು ಕಾಲಿಗೆ ಹಾಕಿಕೊಳ್ಳಲಿಲ್ಲ, ತಲೆಯ ಮೇಲೆ ಇಟ್ಟುಕೊಂಡರು. ಮುಂದೆ ಹರಳಯ್ಯನ ಮಗನಿಗೂ ಬ್ರಾಹ್ಮಣನಾಗಿದ್ದ ಮಧುವರಸನ ಮಗಳಿಗೂ ಮದುವೆಯಾಯಿತು. ಅದಕ್ಕಾಗಿ ಬೀಗರಿಬ್ಬರಿಗೂ ಎಳೆಹೂಟೆಯ ಶಿಕ್ಷೆಯಾಗಿ ಕಲ್ಯಾಣವೇ ಹೊತ್ತಿ ಉರಿಯಿತು. ತೊಗಲು ಹದ ಮಾಡುವ ಡೋಹರ ಕಕ್ಕಯ್ಯ, ಮಾದಾರ ಚೆನ್ನಯ್ಯ, ಮಾದಾರ ಧೂಳಯ್ಯ ಇವರೆಲ್ಲ ಕಸುಬಿನ ಹೆಸರನ್ನು ತಮ್ಮ ಹೆಸರಿನ ಮುಂದೆ ಇಟ್ಟುಕೊಂಡೇ ಅನುಭಾವದ ಮಾತಾಡಿದರು. ಲೋಕದ ಬೇರೆ ಯಾವ ಭಾಷೆಯ ಸಾಹಿತ್ಯದಲ್ಲಿ ಚಪ್ಪಲಿ ಹೊಲಿಯುವವರಿಗೆ ಇಂಥ ಜಾಗವಿದೆಯೋ ನನಗೆ ಕಾಣದು. ಈ ಕಥೆ ಗೊತ್ತಿರುವ ಭಾಷೆಯವರಾದ ನಾವು ಮಿಲಾನಿನ ಮೇಲೆ ದೂರು ಹೊರಿಸುವ ಮೊದಲು ನಮ್ಮ ಓಣಿಯನ್ನು ನೋಡಿಕೊಳ್ಳಬೇಕಿತ್ತು. ಮುತ್ಯಾನ ಕಾಲದಲ್ಲಿ ಮೆಟ್ಟು ಮನೆಯ ಒಳಗಿನ ಗೂಡಿನವರೆಗೂ ಬರುತ್ತಿತ್ತು, ಅದನ್ನು ಮಾಡಿದವನು ಹೊಸ್ತಿಲ ಹೊರಗೆ ನಿಂತು ಕಾಳು ಇಸಿದುಕೊಂಡು ಹೋಗುತ್ತಿದ್ದ. ಅವನ ಹೊಲಿಗೆಯನ್ನು ಊರೆಲ್ಲ ಹೊಗಳುತ್ತಿತ್ತು. ಅವನ ಹೆಸರು ಹಿಡಿದು ಗೌರವದಿಂದ ಕರೆದವರು ನನಗೆ ನೆನಪಿಲ್ಲ. ಮುತ್ಯಾನೂ ಕರೆಯಲಿಲ್ಲ. ಅವನ ಮೇಲಿನ ನನ್ನ ಪ್ರೀತಿಯಲ್ಲಿ ಈ ಒಂದು ಒಗರು ಉಳಿದೇ ಇದೆ.

2025ರ ಡಿಸೆಂಬರ್‌ನಲ್ಲಿ ವಿವಾದ ಒಂದು ಒಪ್ಪಂದಕ್ಕೆ ಬಂತು. ಪ್ರಾಡಾ ಕಂಪನಿ ಲಿಡ್‌ಕಾಮ್ ಮತ್ತು ಲಿಡ್ಕರ್ ಜೊತೆ ಸಹಿ ಹಾಕಿತು. ಮಹಾರಾಷ್ಟ್ರ ಮತ್ತು ಕರ್ನಾಟಕದಲ್ಲಿ 2,000 ಜೊತೆ ಮೆಟ್ಟು ಮಾಡಿಸುವುದು, ಒಂದು ಜೊತೆಗೆ ಸುಮಾರು 800 ಯೂರೊ ಬೆಲೆ, 2026ರ ಫೆಬ್ರುವರಿಯಿಂದ ಲೋಕದ 40 ಮಳಿಗೆಗಳಲ್ಲಿ ಮಾರಾಟ, ಕುಶಲಕರ್ಮಿಗಳಿಗೆ ತರಬೇತಿ ಎಂದು ಗೊತ್ತಾಯಿತು. ನಮ್ಮ ಲೆಕ್ಕದಲ್ಲಿ ಅದು 80 ಸಾವಿರ ರೂಪಾಯಿ ಮೀರಿದ ಬೆಲೆ. ನಮ್ಮ ಪೇಟೆಯಲ್ಲಿ ಒಳ್ಳೆಯ ಜೊತೆಯೊಂದು ಸಾವಿರದ ಆಚೀಚೆ ಸಿಗುತ್ತದೆ, ಆ ಬೆಲೆಗೂ ಜನ ಚೌಕಾಸಿ ಮಾಡುತ್ತಾರೆ. ಚೌಕಾಸಿ ಮಾಡಿದವರಲ್ಲಿ ನಾನೂ ಇದ್ದೆ, ಇನ್ನು ಮಾಡಲಾರೆ. ಒಪ್ಪಂದ ಆದದ್ದು ಒಳ್ಳೆಯದೇ. ಒಂದು ದೊಡ್ಡ ಕಂಪನಿ ಹೆಸರು ಬಿಟ್ಟದ್ದನ್ನು ಒಪ್ಪಿಕೊಂಡು ಆ ಹೆಸರಿನ ಊರುಗಳಿಗೇ ಬಂದು ಕೆಲಸ ಕೊಡುವುದು ಎಲ್ಲ ಕಸುಬುಗಳಿಗೂ ದಕ್ಕುವುದಿಲ್ಲ. ಆದರೆ ಆ ಎರಡು ಸಾವಿರ ಜೊತೆಗಳಲ್ಲಿ ಒಂದೊಂದರ ಅಟ್ಟೆಯ ಒಳಬದಿಗೂ ಹೊಲಿದವನ, ಹೆಣೆದವಳ ಹೆಸರು ಇರಲಿ ಎಂದು ನನ್ನ ಆಸೆ. ಕಂಪನಿಯ ಹೆಸರು ಎದ್ದು ಕಾಣುವ ಜಾಗದಲ್ಲೇ ಇರಲಿ. ಇವರ ಹೆಸರು ಮಗುಚಿ ನೋಡುವವರಿಗೆ ಕಂಡರೆ ಸಾಕು.

ಒಪ್ಪಂದದ ಸುದ್ದಿ ಓದಿದ ವಾರ, ಜಮಖಂಡಿ ಹಾಯ್ದು ಕೃಷ್ಣೆ ದಾಟಿ ಅಥಣಿಗೆ ಹೋದೆ. ಪಡಸಾಲೆಯಲ್ಲಿ ಕೂತ ಹಿರಿಯರೊಬ್ಬರು ಕಾಗದದ ಮೇಲೆ ನನ್ನ ಪಾದ ಇಡಿಸಿ ಸುತ್ತಲೂ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡರು. ಬದಿಗೆ ಕೂತ ಅವರ ಸೊಸೆ ತಲೆ ಎತ್ತದೆ ಆಡಿನ ತೊಗಲಿನ ಎಳೆ ಹೆಣೆಯುತ್ತಿದ್ದಳು. ಎಳೆಯನ್ನು ನೀರಲ್ಲಿ ಅದ್ದಿ, ಹಲ್ಲಲ್ಲಿ ಕಚ್ಚಿ ಬಿಗಿಹಿಡಿದು, ಎರಡೂ ಕೈಯಲ್ಲಿ ಹೆಣೆಯುವ ಕ್ರಮ. ಮುಗಿದ ಜೊತೆಯೊಂದನ್ನು ಎತ್ತಿ ನಾನು ಅಭ್ಯಾಸದಂತೆ ಮಗುಚಿದೆ, ಅಂಚಿಗೆ ಹೆಬ್ಬೆರಳು ಓಡಿಸಿದೆ. ಹಿರಿಯರು ನಕ್ಕರು. "ಒಂದರ ಮಳಿ ಐತೇನ ನೋಡ್ರಿ, ಹುಡುಕ್ರಿ" ಎಂದರು. ಮೊಳೆ ಇರಲಿಲ್ಲ. ಹೊಲಿಗೆಯ ಬಾರು ಹಿಮ್ಮಡಿಯಿಂದ ಹೊರಟು ಇಡೀ ಅಟ್ಟೆ ಸುತ್ತಿ ಬಂದಿತ್ತು. ಅದರ ತುದಿ ಮಾತ್ರ ಎಷ್ಟು ಹುಡುಕಿದರೂ ಕೈಗೆ ಸಿಗಲಿಲ್ಲ. "ತುದಿ ಎಲ್ಲೈತ್ರಿ ಅಜ್ಜಾರ?" ಎಂದೆ. ಹೆಣೆಯುತ್ತಿದ್ದವಳು ಹಲ್ಲಿನ ಎಳೆ ಬಿಟ್ಟು ಉತ್ತರ ಕೊಟ್ಟಳು: "ಒಳಗ ಸೇರೇತ್ರಿ. ಹೊರಗ ಕಂಡ್ರ ಬಿಚ್ಚತೈತಿ."

ಹೇಳಿದ ಬೆಲೆ ಕೊಟ್ಟು ತಂದೆ. ಬರುವಾಗ ಇಬ್ಬರ ಹೆಸರನ್ನೂ ಕೇಳಿಕೊಂಡು ಬಂದಿದ್ದೇನೆ. ಅವು ನನ್ನ ದಿನಚರಿಯಲ್ಲಿವೆ, ಅವರನ್ನು ಕೇಳದೆ ಇಲ್ಲಿ ಬರೆಯಲಾರೆ. ಹೊಸ ಮೆಟ್ಟು ಕಚ್ಚುತ್ತದೆ. ಮೊದಲ ದಿನ ಉಂಗುಟ ಕಚ್ಚಿತು, ಎರಡನೆಯ ದಿನ ಪಟ್ಟಿಯ ಅಂಚು. ಮನೆಯಲ್ಲಿ ಎಲ್ಲರೂ ಬೂಟು ಹಾಕಿಕೋ ಎಂದರು. ರಾತ್ರಿ ಮಲಗುವ ಮೊದಲು ಕುಸುಬಿ ಎಣ್ಣೆಯನ್ನು ಬಟ್ಟೆಯ ತುಂಡಿಗೆ ಹಚ್ಚಿ ಪಟ್ಟಿ, ಕಿವಿ, ಉಂಗುಟಕ್ಕೆ ಸವರಿಟ್ಟೆ. ಬೆಳಗಾಗುವ ಹೊತ್ತಿಗೆ ತೊಗಲು ಎಣ್ಣೆಯನ್ನೆಲ್ಲ ಕುಡಿದು ಒಣಗಿ ಕೂತಿರುತ್ತಿತ್ತು. ಹೀಗೆ ಎಂಟು ದಿನ. ಬೆಲ್ಲದ ಬಣ್ಣ ಒಂದು ಛಾಯೆ ಕಪ್ಪಾಯಿತು. ಒಂಬತ್ತನೆಯ ದಿನ ಸಂಜೆ ಗಲಗಲಿಯ ಹೊಳೆ ದಂಡೆಗೆ ಹೋಗಿ, ಹೊತ್ತು ಮುಳುಗಿದ ಮೇಲೆ ಓಣಿಗೆ ತಿರುಗಿದೆ. ತಿರುವಿನಲ್ಲಿ ಮೆಟ್ಟು ಕಿರ್ರ್ ಎಂದಿತು. ಕಟ್ಟೆಯ ಮೇಲೆ ಕೂತಿದ್ದ ಮುದುಕರೊಬ್ಬರು ಕತ್ತಲಲ್ಲೇ ಮುಖ ಎತ್ತಿ, ನಮ್ಮ ಮುತ್ಯಾನ ಹೆಸರು ಹಿಡಿದು ಕೂಗಿದರು.